ಎಲೆ ಬಿಡದವರ ಎದುರು ಪೋಕರ್

ಪೋಕರ್ ಕಲಿಯಲು ಹೊರಟವರು ಮೊದಲು ನೋಡುವುದು ದೊಡ್ಡ ಆಟಗಾರರ ಬ್ಲಫ್‌ಗಳ, ಅಂದರೆ ಒಳ್ಳೆಯ ಎಲೆ ಇಲ್ಲದಿದ್ದರೂ ಇದ್ದಂತೆ ನಂಬಿಸುವ ಆಟದ, ವಿಡಿಯೋಗಳನ್ನು. ಆಮೇಲೆ ಎಷ್ಟು ಸಲ ಬ್ಲಫ್ ಮಾಡಬೇಕು, ಎಷ್ಟು ಸಲ ಮಾಡಬಾರದು ಎಂದು ತಂತ್ರಾಂಶಗಳು ಹೇಳಿಕೊಡುವ ಲೆಕ್ಕವನ್ನು. ಎದುರಿನವನು ನಮ್ಮ ಆಟವನ್ನು ಗಮನಿಸುತ್ತಿದ್ದಾನೆ ಎಂಬ ನಂಬಿಕೆಯ ಮೇಲೆ ನಿಂತಿರುವ ವಿದ್ಯೆ ಅದು. ತನ್ನ ಎರಡು ಎಲೆಗಳನ್ನು ಬಿಟ್ಟು ಬೇರೇನನ್ನೂ ನೋಡದವನ ಮುಂದೆ ಅದು ಕೆಲಸಕ್ಕೆ ಬಾರದು, ಎಷ್ಟೋ ಸಲ ನಷ್ಟವನ್ನೇ ತರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾಗಿರಲಿ ಅದೃಷ್ಟದವಾಗಿರಲಿ, ನಿಷೇಧಿಸಿದೆ. ನಾನು ಆಡುವುದು ನೆಂಟರು, ಗೆಳೆಯರು ಶನಿವಾರ ರಾತ್ರಿ ಮೊಬೈಲಿನಲ್ಲಿ ಸೇರುವ, ಬರೀ ಚಿಪ್ಸ್‌ನ ಟೇಬಲ್ಲಿನಲ್ಲಿ. ಕೈಯಿಂದ ಕಾಸು ಹೋಗದ ಕಡೆ ಯಾರಿಗೂ ಎಲೆ ಬಿಡಲು, ಅಂದರೆ ಕೈಯ ಎಲೆ ಕೆಳಗಿಟ್ಟು ಆ ಆಟದಿಂದ ಹಿಂದೆ ಸರಿಯಲು, ಮನಸ್ಸಾಗುವುದಿಲ್ಲವಾದ್ದರಿಂದ, ಈ ಪಾಠ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ಒಂದು ಆಟ ಇನ್ನೂ ನೆನಪಿದೆ. ನನ್ನಲ್ಲಿ ಎಕ್ಕ ಮತ್ತು ರಾಜ ಇದ್ದವು. ಎಲ್ಲರಿಗೂ ಸೇರಿದಂತೆ ಟೇಬಲ್ಲಿನ ಮೇಲೆ ಮೊದಲು ತೆರೆಯುವ ಮೂರು ಎಲೆಗಳಲ್ಲಿ, ಅಂದರೆ ಫ್ಲಾಪ್‌ನಲ್ಲಿ, ಬಿದ್ದದ್ದು ರಾಣಿ, ಒಂಬತ್ತು, ನಾಲ್ಕು. ಏನೂ ಕೂಡಿಬರದಿದ್ದರೂ ಮೂರು ಸುತ್ತಿನಲ್ಲೂ ಬೆಟ್ ಏರಿಸುತ್ತ ಹೋದೆ, ನನ್ನ ಭಾವ ಮೂರು ಸಲವೂ ಅಷ್ಟೇ ಚಿಪ್ಸ್ ಇಟ್ಟು ಕಾಲ್ ಮಾಡಿದರು. ಕೊನೆಗೆ ಅವರು ತೋರಿಸಿದ್ದು ಏಳು ಮತ್ತು ನಾಲ್ಕು. ನನ್ನಲ್ಲಿ ರಾಣಿಯ ಜೋಡಿ ಇದೆಯೆಂದು ಅವರನ್ನು ನಂಬಿಸಲು ನಾನು ಅಷ್ಟು ಹೊತ್ತು ಹೆಣಗಿದ್ದೆ. ಅವರ ತಲೆಯಲ್ಲಿದ್ದದ್ದು ತಮ್ಮ ಹತ್ತಿರ ಒಂದು ಜೋಡಿ ಇದೆ ಎಂಬುದಷ್ಟೇ. ಇಂಥವರ ಎದುರು ಬ್ಲಫ್ ಬೇಡವೇ ಬೇಡ.

ಬ್ಲಫ್ ಬಿಟ್ಟ ಮೇಲೆ ಉಳಿಯುವುದು ಒಳ್ಳೆಯ ಎಲೆಗೆ ದೊಡ್ಡ ಬೆಲೆ ಕೇಳುವ ಕೆಲಸ. ಬಹಳ ಮಂದಿ ಸಂಕೋಚಪಡುವುದು ಇಲ್ಲಿಯೇ. ಟರ್ನ್, ಅಂದರೆ ಟೇಬಲ್ಲಿನ ನಾಲ್ಕನೆಯ ಎಲೆ, ಬಿದ್ದಾಗ ಪಾಟ್‌ನಲ್ಲಿ, ಅಂದರೆ ಗೆದ್ದವರಿಗೆ ಸಿಗುವ ರಾಶಿಯಲ್ಲಿ, 100 ಚಿಪ್ಸ್ ಇವೆ, ನಮ್ಮ ಕೈಯಲ್ಲಿ ಎಕ್ಕದ ಜೋಡಿ ಇದೆ, ಎದುರಿನವರು ಐದೂ ಆಟೀನ್ ಎಲೆ ಕೂಡಿಬರುವ ಫ್ಲಶ್‌ಗೆ ಒಂದೇ ಎಲೆ ಕಾಯುತ್ತಿದ್ದಾರೆ ಎನ್ನೋಣ. ಅವರಿಗೆ ಕಾಣದ 46 ಎಲೆಗಳಲ್ಲಿ ಆಟೀನ್ ಇರುವುದು 9, ಅಂದರೆ ನೂರಕ್ಕೆ ಸುಮಾರು 20 ಸಲ ಬರುತ್ತದೆ. ನಾವು ಹೆದರಿ 20 ಚಿಪ್ಸ್ ಇಟ್ಟರೆ ಅವರು 120 ಗೆಲ್ಲಲು 20 ಕೊಟ್ಟಂತಾಗುತ್ತದೆ. ನೂರಕ್ಕೆ 15 ಸಲ ಬಂದರೂ ಅವರಿಗೆ ಗಿಟ್ಟುತ್ತದೆ. ಅದೇ 80 ಇಟ್ಟರೆ ನೂರಕ್ಕೆ 31 ಸಲವಾದರೂ ಬರಬೇಕು; ಬರುವುದು 20 ಮಾತ್ರ. ಆಗ ಪ್ರತಿ ಕಾಲ್‌ನಲ್ಲೂ ಅವರು ಸರಾಸರಿ 29 ಚಿಪ್ಸ್ ಕಳೆದುಕೊಳ್ಳುತ್ತಾರೆ. ಹೇಗಿದ್ದರೂ ಕಾಲ್ ಮಾಡುವವರ ಹತ್ತಿರ ಕಡಿಮೆ ಕೇಳುವುದೇಕೆ? ಐದಕ್ಕೊಮ್ಮೆ ಅವರ ಎಲೆ ಬಂದು ನಾವು ಸೋತಾಗ ಸಿಟ್ಟಾಗಬಾರದು; ಉಳಿದ ನಾಲ್ಕು ಸಲ ಅವರು ಹಾಗೆಯೇ ಆಡುವುದರಿಂದಲೇ ನಮ್ಮ ಗೆಲುವು.

ಫ್ಲಾಪ್‌ಗೆ ಮುಂಚಿನ ಲೆಕ್ಕವೂ ಇದೇ. ಎಕ್ಕದ ಜೋಡಿ ಒಬ್ಬರ ಎದುರು, ಅವರ ಎಲೆ ಯಾವುದಾದರೂ ಆಗಿರಲಿ, ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಎದುರಿಗೆ ಐವರು ಕೊನೆಯವರೆಗೂ ಕೂತರೆ ಅದು ನೂರಕ್ಕೆ ಹೆಚ್ಚುಕಡಿಮೆ 50ಕ್ಕೆ ಇಳಿಯುತ್ತದೆ. ಎಲ್ಲರೂ ಒಳಗೆ ಬರುವ ಟೇಬಲ್ಲಿನಲ್ಲಿ ಬಿಗ್ ಬ್ಲೈಂಡ್‌ನ, ಅಂದರೆ ಎಲೆ ನೋಡುವ ಮುಂಚೆಯೇ ಒಬ್ಬರು ಕಡ್ಡಾಯವಾಗಿ ಇಡುವ ಬೆಟ್‌ನ, ಮೂರು ಪಟ್ಟು ಏರಿಸಿದರೆ ಯಾರೂ ಕದಲುವುದಿಲ್ಲ. ಐದಾರು ಪಟ್ಟು ಏರಿಸಿ ಜನರನ್ನು ಕಡಿಮೆ ಮಾಡಿಕೊಳ್ಳಬೇಕು.

ಇನ್ನೊಂದು ಜಾತಿಯವರಿದ್ದಾರೆ, ಏನು ಬಂದರೂ ಏರಿಸುತ್ತಲೇ ಇರುವವರು. ಅವರನ್ನು ಹೆದರಿಸಲು ಹೋಗದೆ ಒಳ್ಳೆಯ ಎಲೆ ಹಿಡಿದು ಕಾಲ್ ಮಾಡುತ್ತ ಕೂತರೆ ಸಾಕು.

ನಿಜಕ್ಕೂ ಕಷ್ಟವಾದದ್ದು ನಮ್ಮ ಒಳ್ಳೆಯ ಎಲೆಯನ್ನು ಕೆಳಗಿಡುವುದು. ರಾತ್ರಿಯೆಲ್ಲ ಕಾಲ್ ಮಾತ್ರ ಮಾಡುತ್ತಿದ್ದವರು ರಿವರ್‌ನಲ್ಲಿ, ಅಂದರೆ ಐದನೆಯ ಕೊನೆಯ ಎಲೆ ಬಿದ್ದ ಮೇಲೆ, ಇದ್ದಕ್ಕಿದ್ದಂತೆ ಏರಿಸಿದರೆ ಅದು ಬ್ಲಫ್ ಆಗಿರುವುದು ಅಪರೂಪ. ಮೊನ್ನೆ ಟೇಬಲ್ಲಿನ ಮೇಲೆ ರಾಜ, ಒಂಬತ್ತು, ಆರು, ಎರಡು ಇದ್ದವು. ನನ್ನ ಕೈಯಲ್ಲಿ ರಾಜ, ಒಂಬತ್ತು, ಅಂದರೆ ಎರಡು ಜೋಡಿ. ಕೊನೆಯ ಎಲೆ ಎಂಟು ಬಿತ್ತು. ನಾನು ಬೆಟ್ ಮಾಡಿದೆ, ಭಾವ ಅದನ್ನು ಮೂರು ಪಟ್ಟು ಏರಿಸಿದರು. ಗಡಿಯಾರ ಮುಗಿಯುವವರೆಗೂ ಪರದೆ ನೋಡುತ್ತ ಕೂತಿದ್ದು ಎಲೆ ಬಿಟ್ಟೆ. "ಯಾಕೋ, ಅಷ್ಟು ಒಳ್ಳೆ ಎಲೆ ಇಟ್ಕೊಂಡವನ ಹಾಗೆ ಆಡ್ತಿದ್ದೆ?" ಎನ್ನುತ್ತ ಅವರು ತೋರಿಸಿದರು: ಹತ್ತು ಮತ್ತು ಏಳು. ಆರರಿಂದ ಹತ್ತರವರೆಗೆ ಐದು ಎಲೆಯ ಸಾಲು, ನನ್ನ ಎರಡು ಜೋಡಿಗಿಂತ ಮೇಲು.