ಆ ಸೂಜಿ ಯಾರ ಕೈಗೆ ಹೋಗುತ್ತದೆ?

ಬೆಳಗ್ಗೆಯಿಂದ ಕೋಪ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಬೀದಿಗೆ ಕಸದ ಗಾಡಿ ಬಂದಿತ್ತು. ಗಾಡಿಯ ಜೊತೆ ಬರುವ ಹೆಣ್ಣುಮಗಳು ಪಕ್ಕದ ಕಟ್ಟಡದ ಗೇಟಿನ ಮುಂದೆ ಇಟ್ಟಿದ್ದ ಕಪ್ಪು ಕವರಿನ ಗಂಟು ಬಿಚ್ಚಿದರು. ಒಳಗೆ ಮಿಕ್ಕಿದ ಅನ್ನ, ತರಕಾರಿ ಸಿಪ್ಪೆ, ಹಾಲಿನ ಪ್ಯಾಕೆಟ್, ಮಗುವಿನ ಡೈಪರ್, ಎಲ್ಲ ಒಂದರ ಮೇಲೊಂದು. ಪ್ಯಾಕೆಟ್ ಬೇರೆ ಮಾಡೋಣ ಅಂತ ಕೈ ಹಾಕಿದವರು ತಟ್ಟನೆ ಹಿಂದಕ್ಕೆ ಎಳೆದುಕೊಂಡರು. ತೋರುಬೆರಳಿನ ತುದಿಯಲ್ಲಿ ರಕ್ತ. ಕವರಿನಲ್ಲಿ ಇದ್ದದ್ದು ಇನ್ಸುಲಿನ್ ಸೂಜಿ. ಕೈಗೆ ಗ್ಲೌಸ್ ಇತ್ತು. ಆ ತೆಳು ರಬ್ಬರ್ ಸೂಜಿಯನ್ನು ತಡೆಯುತ್ತದಾ?

ಕವರ್ ಇಟ್ಟವರು ಅಲ್ಲೇ ಫೋನ್ ಹಿಡಿದು ನಿಂತಿದ್ದರು. "ನೋಡ್ಕೊಂಡು ತೆಗೀಬಾರ್ದೇನಮ್ಮಾ" ಅಂದರು. ಒಳಗೆ ಹೋದರು. ಅಷ್ಟೇ.

ಅವರನ್ನು ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಒಂದು ಒಳ್ಳೆಯ ಮಾತು ಹಾಕುತ್ತಾರೆ. ಕಾಲೇಜು ಮಕ್ಕಳಿಗೆ ವ್ಯಕ್ತಿತ್ವ ವಿಕಸನದ ಕ್ಲಾಸ್ ತೆಗೆದುಕೊಳ್ಳುತ್ತಾರೆ. ಎದುರು ಸಿಕ್ಕರೆ ನಗುತ್ತಾ ಮಾತಾಡಿಸುತ್ತಾರೆ. ನನಗೆ ಸಂಕಟ ಆಗುವುದೇ ಅಲ್ಲಿ. ಇಷ್ಟೆಲ್ಲ ತಿಳಿದವರಿಗೆ ತಮ್ಮ ಮನೆಯ ಸೂಜಿ ಗೇಟು ದಾಟಿದ ಮೇಲೆ ಯಾರ ಕೈಗೆ ಹೋಗುತ್ತದೆ ಅನ್ನುವ ಯೋಚನೆ ಒಂದು ಸಲವೂ ಬಂದಿಲ್ಲವಾ? ಒಂದು ಖಾಲಿ ಡಬ್ಬಿ ಸಾಕಿತ್ತು. ಶಾಂಪೂದೋ ಫಿನಾಯಿಲ್‌ದೋ, ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಡಬ್ಬಿ.

ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡಿಕೊಂಡೇ ಬದುಕಿದವಳು, ನಿಮಗೆಲ್ಲ ಗೊತ್ತು. ಅಲ್ಲಿ ಸೇರಿದ ಹೊಸದರಲ್ಲೇ ಕಲಿಸುತ್ತಾರೆ: ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ, ಟ್ರೇಯಲ್ಲಿ ಬಿಡಬೇಡಿ, ತೂತಾಗದ ಬಿಳಿ ಡಬ್ಬಿಗೆ ನೇರವಾಗಿ ಹಾಕಿ. ಸೂಜಿ ಚುಚ್ಚಿದ ಗಾಯ ಕಣ್ಣಿಗೆ ಏನೂ ಅಲ್ಲ. ಆದರೆ ಅದರಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ ಬಂದ ಮೇಲೂ 7 ದಿನ ಜೀವ ಹಿಡಿದಿರಬಲ್ಲದು. ಸಕ್ಕರೆ ಕಾಯಿಲೆಯವರ ಸೂಜಿ ತಾನೇ, ಅದರಲ್ಲೇನಿದೆ ಅನ್ನುತ್ತೀರಿ. ಅದು ಯಾರ ಸೂಜಿ, ಅವರಿಗೆ ಏನೇನಿದೆ ಅಂತ ಕಸ ಎತ್ತುವವರಿಗೆ ಹೇಗೆ ಗೊತ್ತಾಗಬೇಕು? ಇವತ್ತಿನಿಂದ ಆಕೆ ತಿಂಗಳುಗಟ್ಟಲೆ ಹೆದರಿಕೊಂಡೇ ಇರಬೇಕಾಗುತ್ತದೆ. ಟೆಸ್ಟ್ ಮಾಡಿಸಿ, ಮತ್ತೆ ಟೆಸ್ಟ್ ಮಾಡಿಸಿ, ಅದೂ ಯಾರಾದರೂ ಮಾಡಿಸಿದರೆ.

ನಮ್ಮ ನಲ್ಲಿ ಕೆಳಗೆ ಕೈ ಹಿಡಿಸಿ ಸೋಪು ಹಾಕಿ ತೊಳೆಸಿದೆ. ಬೆರಳು ಹಿಂಡಲು ಹೋದರು, ಬೇಡ ಅಂದೆ, ಹಿಂಡಬಾರದು. "ಈಗಲೇ ಆಸ್ಪತ್ರೆಗೆ ಹೋಗಮ್ಮ" ಅಂದರೆ, "ಬಿಡಿ ಅಕ್ಕಾ, ಇದು ದಿನಾ ಇದ್ದಿದ್ದೇ. ಇನ್ನೂ ಮೂರು ರೋಡ್ ಬಾಕಿ ಇದೆ" ಅಂದರು. ಅವರ ಮೇಸ್ತ್ರಿಗೆ ಫೋನ್ ಮಾಡಿ, ಎಚ್‌ಐವಿ ತಡೆಯುವ ಔಷಧಿ ಬೇಕು ಅಂದರೆ 72 ಗಂಟೆಯೊಳಗೇ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು, ಈಗಲೇ ಕಳಿಸಿ ಅಂತ ಜಗಳ ಆಡಿದ ಮೇಲೆ ಕಳಿಸಿದರು. "ದಿನಾ ಇದ್ದಿದ್ದೇ" ಅಂದರಲ್ಲ, ಅದು ನನ್ನನ್ನು ಕೊರೆಯುತ್ತಿದೆ. ಸೂಜಿ ಸಿಕ್ಕಿದರೆ ಸೂಜಿ, ಇಲ್ಲದಿದ್ದರೆ ಒಡೆದ ಲೋಟ, ಶೇವಿಂಗ್ ಬ್ಲೇಡು.

ಈಗ ನೀವು ಏನು ಹೇಳುತ್ತೀರಿ ಅಂತ ಗೊತ್ತು. "ನಾವು ಬೇರೆ ಮಾಡಿ ಕೊಟ್ಟರೂ ಅವರು ಗಾಡಿಯಲ್ಲಿ ಒಟ್ಟಿಗೇ ಸುರಿಯುತ್ತಾರೆ, ನಾವ್ಯಾಕೆ ಕಷ್ಟಪಡಬೇಕು?" ಕೆಲವು ಕಡೆ ಸುರಿಯುತ್ತಾರೆ, ನಿಜ. ಬೀದಿಯಲ್ಲಿ ಅರ್ಧ ಮನೆಯವರು ಬೆರೆಸಿಯೇ ಕೊಟ್ಟರೆ ಇನ್ನೇನು ಮಾಡುತ್ತಾರೆ? ಅದು ಆಮೇಲಿನ ಮಾತು. ಸೂಜಿಯನ್ನು ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರೆ, ಕಸ ಮುಂದೆ ಎಲ್ಲಿ ಬೆರೆತರೂ ಈ ಬೆರಳಿಗೆ ಚುಚ್ಚುತ್ತಿರಲಿಲ್ಲ. ಇನ್ನು "ಅವರಿಗೆ ಸಂಬಳ ಕೊಡ್ತಾರಲ್ಲ" ಅನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ. ಸಂಬಳ ಕೊಡುವುದು ಕಸ ಸಾಗಿಸುವುದಕ್ಕೆ, ಚುಚ್ಚಿಸಿಕೊಳ್ಳುವುದಕ್ಕೆ ಯಾರೂ ಸಂಬಳ ಕೊಟ್ಟಿಲ್ಲ.

ನಿಯಮ ಇಲ್ಲ ಅಂತಲೂ ಹೇಳುವ ಹಾಗಿಲ್ಲ. 2015ರ ಡಿಸೆಂಬರ್‌ನಲ್ಲೇ ಹೈಕೋರ್ಟ್ ಬೆಂಗಳೂರಿನ ಮನೆಗಳಿಗೆ ಎರಡು ಡಬ್ಬ, ಒಂದು ಚೀಲ ಅಂತ ಹೇಳಿತ್ತು. ಹಸಿ ಕಸಕ್ಕೆ ಒಂದು, ಡೈಪರ್, ಪ್ಯಾಡ್‌ನಂಥದ್ದಕ್ಕೆ ಇನ್ನೊಂದು, ಒಣ ಕಸಕ್ಕೆ ಚೀಲ. 2016ರ ಕೇಂದ್ರದ ನಿಯಮದಲ್ಲೇ ಪ್ಯಾಡ್, ಡೈಪರ್‌ಗಳನ್ನು ಸುತ್ತಿ ಕೊಡಬೇಕು ಅಂತ ಸ್ಪಷ್ಟವಾಗಿ ಹೇಳಿದ್ದರು. ಮನೆಯಲ್ಲಿ ಬಳಸಿದ ಸೂಜಿಯನ್ನು ಅಪಾಯಕಾರಿ ಕಸ ಅಂತಲೇ ಲೆಕ್ಕ ಹಾಕಿದ್ದರು. ಇಷ್ಟು ವರ್ಷ ಆದ ಮೇಲೂ ನಮ್ಮ ಬೀದಿಯಲ್ಲಿ ಕಪ್ಪು ಕವರೇ ರಾಜ್ಯಭಾರ ಮಾಡುತ್ತಿದೆ.

ನಮ್ಮ ಮನೆಯಿಂದ ಆಚೆ ಹೋದರೆ ಸಾಕು ಅನ್ನುವ ಈ ಬುದ್ಧಿ ಒಬ್ಬರದ್ದಲ್ಲ, ಇಡೀ ಊರಿಗೇ ಇದೆ. ಬೆಂಗಳೂರಿನ ಬೆರೆತ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೂ ಮಂಡೂರಿಗೂ ಹೋಗಿ ಬಿತ್ತು. ವಾಸನೆ, ನೊಣ, ಕೆಟ್ಟ ನೀರು ಆ ಹಳ್ಳಿಯವರ ಪಾಲು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ನಮ್ಮ ರಸ್ತೆಗಳಲ್ಲಿ ಕಸ ಕೊಳೆತು ನಾರಿತು, ನೆನಪಿದೆಯಾ? ಮಂಡೂರಿನ ಜನ ರಸ್ತೆಗೆ ಇಳಿದು ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಅಲ್ಲಿಯವರೆಗೆ ಮಂಡೂರು ಎಲ್ಲಿದೆ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೆವು?

ನಮ್ಮಮ್ಮ ಓದಿದವರಲ್ಲ. ಊರಲ್ಲಿ ಲಾಟೀನಿನ ಗಾಜು ಒಡೆದರೆ, ಬಳೆ ಚೂರಾದರೆ, ಅದನ್ನು ತಿಪ್ಪೆಗೆ ಹಾಕಲು ಬಿಡುತ್ತಿರಲಿಲ್ಲ. ಒಂದೊಂದು ಚೂರನ್ನೂ ಆರಿಸಿ, ಹಿತ್ತಿಲ ಬೇಲಿ ಪಕ್ಕ ಗುಂಡಿ ತೋಡಿಸಿ ಹೂಳಿಸುತ್ತಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ತಿಪ್ಪೆ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಅದನ್ನು ಬರಿಗೈಯಲ್ಲಿ ಎರಚುತ್ತಾರೆ, ಬರಿಗಾಲಲ್ಲಿ ತುಳಿಯುತ್ತಾರೆ. ಎರಚುವವರು ಯಾರೋ, ಅವರ ಮುಖ ಅಮ್ಮ ನೋಡಿರಲಿಕ್ಕೂ ಇಲ್ಲ. ಆದರೂ ಸಂಜೆ ದೀಪ ಹಿಡಿದುಕೊಂಡು ಚೂರು ಹುಡುಕುತ್ತಿದ್ದರು. "ಯಾರ್ದಾದ್ರೂ ಕಾಲಿಗೆ ಹೊಕ್ಕೀತು ಕಣೆ" ಅನ್ನುತ್ತಿದ್ದರು. ಯಾವ ಕ್ಲಾಸಿನಲ್ಲಿ ಇದನ್ನು ಕಲಿತರು ಅವರು? ಇದನ್ನು ಬರೆಯುವಾಗ ಅಮ್ಮ ತುಂಬ ನೆನಪಾಗುತ್ತಿದ್ದಾರೆ.

ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ ಬರುತ್ತದೆ. ಶಾಲು ಹೊದಿಸುತ್ತೇವೆ, ಫೋಟೋ ಹಾಕುತ್ತೇವೆ. ಹೊದಿಸಿ, ಬೇಡ ಅನ್ನಲ್ಲ. ಆದರೆ ಆ ಹೆಣ್ಣುಮಗಳಿಗೆ ಶಾಲಿಗಿಂತ ಜಾಸ್ತಿ ಬೇಕಾಗಿರುವುದು ಆ ಖಾಲಿ ಡಬ್ಬಿ. ನಮ್ಮ ಬೀದಿಯಲ್ಲೇ ಇನ್ಸುಲಿನ್ ತೆಗೆದುಕೊಳ್ಳುವವರು ಎಷ್ಟೊಂದು ಜನ ಇದ್ದಾರೆ. ಹೊರಗೆ ಬಂದು ಗಾಡಿಯವರ ಕೈ ನೋಡಿದವರು ಎಷ್ಟು ಜನ?

ಅದಕ್ಕೆ ಈಗ ಇಷ್ಟು ಕೇಳುತ್ತಿದ್ದೇನೆ. ಮನೆಯಲ್ಲಿ ಸೂಜಿ ಬಳಸುವವರು ಮುಚ್ಚಳ ಇರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಫ್ರಿಜ್ ಪಕ್ಕ ಇಡಿ. ಚುಚ್ಚಿಕೊಂಡ ತಕ್ಷಣ ಸೂಜಿ ಅದರೊಳಗೆ ಹೋಗಲಿ. ಶುಗರ್ ನೋಡಿಕೊಳ್ಳುವಾಗ ಬೆರಳಿಗೆ ಚುಚ್ಚುವ ಲ್ಯಾನ್ಸೆಟ್ ಕೂಡ ಅದರಲ್ಲೇ ಹಾಕಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ ದಪ್ಪಕ್ಷರದಲ್ಲಿ "ಸೂಜಿ" ಅಂತ ಬರೆಯಿರಿ. ಹತ್ತಿರದ ಕ್ಲಿನಿಕ್ ಅಥವಾ ಲ್ಯಾಬಿನವರು ತೆಗೆದುಕೊಳ್ಳುತ್ತಾರಾ ಕೇಳಿ. ಇಲ್ಲದಿದ್ದರೆ ಗಾಡಿಯವರ ಕೈಗೇ ಬೇರೆಯಾಗಿ ಕೊಟ್ಟು, ಒಳಗೆ ಏನಿದೆ ಅಂತ ಬಾಯಿಬಿಟ್ಟು ಹೇಳಿ. ಒಡೆದ ಗಾಜನ್ನು ಎರಡು ಮೂರು ಪದರ ಪೇಪರಿನಲ್ಲಿ ಸುತ್ತಿ, ರಟ್ಟಿನ ಡಬ್ಬದಲ್ಲಿ ಹಾಕಿ ಕೊಡಿ. ಡಬ್ಬಿ ಸಿಗದವರು ನಮ್ಮ ಮನೆಗೆ ಬನ್ನಿ, ಚೀಲದ ತುಂಬ ತೊಳೆದು ಒಣಗಿಸಿ ಇಟ್ಟಿದ್ದೇನೆ. ಪಕ್ಕದ ಕಟ್ಟಡದವರಿಗೂ ಒಂದು ಕೊಟ್ಟು ಬಂದೆ. ಮಾತು ಬೆಳೆಸಲಿಲ್ಲ, ಯಾಕೆ ಕೊಡುತ್ತಿದ್ದೇನೆ ಅಂತ ಮಾತ್ರ ಹೇಳಿದೆ. ತೆಗೆದುಕೊಂಡರು.