ರಸೀದಿ ಪುಸ್ತಕದ ಹಿಂದಿನ ಹಾಳೆ

ಗಣಪತಿ ಕೂರಿಸುವ ಹುಡುಗರು ಚಂದಾಕ್ಕೆ ಬಂದರೆ ನಾನು ಮೊದಲು ಕೈ ಚಾಚುವುದು ರಸೀದಿ ಪುಸ್ತಕಕ್ಕೆ. ಮೂರ್ತಿ ಎಷ್ಟಡಿ, ಆರ್ಕೆಸ್ಟ್ರಾ ಯಾವತ್ತು ಅಂತ ಅವರು ಹೇಳುತ್ತಲೇ ಇರುತ್ತಾರೆ. ನನ್ನ ಹೆಬ್ಬೆರಳು ಹಿಂದಿನ ಹಾಳೆಗಳನ್ನು ಮಗುಚುತ್ತಿರುತ್ತದೆ. ಪಕ್ಕದ ಮನೆಯವರು 501. ಎದುರು ಮನೆ 200. ಸರಿ, ನಮ್ಮದು 300 ಬರ್ಕೊಳ್ಳಿ. ಮೊನ್ನೆ ಮೊದಲ ಹಾಳೆಯಲ್ಲೇ 2001 ಇತ್ತು, ಹೆಸರು ‘ಹಿತೈಷಿಗಳು’. ಅಕ್ಷರ ಮಾತ್ರ ಪುಸ್ತಕ ಹಿಡಿದಿದ್ದ ಹುಡುಗನದೇ.

ಅಮೆರಿಕದ ಕಿಕ್‌ಸ್ಟಾರ್ಟರ್ ಅನ್ನುವ ಜಾಲತಾಣ 2009ರಿಂದ ಮಾಡುತ್ತಿರುವುದೂ ಒಂಥರಾ ಚಂದಾ ಎತ್ತುವ ಕೆಲಸವೇ, ಅಲ್ವಾ? ಯಾರೋ ಒಂದು ವಸ್ತು ಮಾಡ್ತೀನಿ ಅನ್ನುತ್ತಾರೆ, ಜನ ದುಡ್ಡು ಹಾಕುತ್ತಾರೆ. ಗುರಿ ಮುಟ್ಟದಿದ್ದರೆ ಯಾರ ದುಡ್ಡೂ ಕಡಿತವಾಗುವುದಿಲ್ಲ. ಆ ಪುಟ ತೆರೆದರೆ ನನ್ನ ಕಣ್ಣು ಮೊದಲು ವಿಡಿಯೊ ನೋಡುತ್ತದೆ. ಆಮೇಲೆ ಎಷ್ಟು ಜನ ಹಾಕಿದ್ದಾರೆ, ಎಷ್ಟು ದಿನ ಬಾಕಿ. ಅಷ್ಟೇ. ತೀರಾ ಕೆಳಗೆ ಅಪಾಯಗಳ ಬಗ್ಗೆ ಒಂದು ಭಾಗ ಇರುತ್ತದೆ, 2012ರಿಂದ ಅದನ್ನು ಬರೆಯಲೇಬೇಕು. ಬೆರಳು ಅಲ್ಲಿಗೆ ಇಳಿಯುವಷ್ಟರಲ್ಲಿ ಮನಸ್ಸು ಕಪ್ಪು ತಗೊಳ್ಳಲಾ ಬಿಳಿಯಾ ಅಂತ ಲೆಕ್ಕ ಹಾಕುತ್ತಿರುತ್ತದೆ. ಮೊದಲ ದಿನ ನೆಂಟರು ಗೆಳೆಯರಿಂದಲೇ ಹಾಕಿಸಿ ಅಂತ ಅಲ್ಲೂ ಬಲ್ಲವರು ಬುದ್ಧಿ ಹೇಳುತ್ತಾರೆ. ಹಿತೈಷಿಗಳು!

‘ಕೂಲೆಸ್ಟ್ ಕೂಲರ್’ ಕಥೆ ನನಗೆ ಬಹಳ ಇಷ್ಟ. ಅದೊಂದು ಐಸ್ ಪೆಟ್ಟಿಗೆ. ಮುಚ್ಚಳದಲ್ಲಿ ಮಿಕ್ಸಿ, ಜೊತೆಗೆ ಬ್ಲೂಟೂತ್ ಸ್ಪೀಕರ್, ಮೊಬೈಲ್ ಚಾರ್ಜರ್. 2013ರ ಚಳಿಗಾಲದಲ್ಲಿ ಕೇಳಿದಾಗ ಗುರಿ ಮುಟ್ಟಲಿಲ್ಲ. ಚಳಿಯಲ್ಲಿ ಐಸ್ ಪೆಟ್ಟಿಗೆ ಕಡೆ ಯಾರು ನೋಡುತ್ತಾರೆ? ಅದನ್ನೇ ಒಂದಿಷ್ಟು ತಿದ್ದಿ 2014ರ ಬೇಸಿಗೆಯಲ್ಲಿ ಮತ್ತೆ ತಂದರು. 62 ಸಾವಿರಕ್ಕೂ ಜಾಸ್ತಿ ಜನ 130 ಲಕ್ಷ ಡಾಲರ್ ದಾಟಿಸಿದರು. ಇಟ್ಟ ಬೆಲೆಗೆ ಪೆಟ್ಟಿಗೆ ಮಾಡಿ ಕಳಿಸಲು ಗಿಟ್ಟುತ್ತದಾ ಅನ್ನುವ ಪ್ರಶ್ನೆ ಮಿಕ್ಸಿಯ ಸದ್ದಿನಲ್ಲಿ ಮುಳುಗಿಹೋಯಿತು. 2019ರ ಕೊನೆಗೆ ಬಾಗಿಲು ಹಾಕಿದಾಗ ಸುಮಾರು 20 ಸಾವಿರ ಜನಕ್ಕೆ ಪೆಟ್ಟಿಗೆ ಬಂದೇ ಇರಲಿಲ್ಲ.

ಹಾಗಂತ ಜನ ಕುರುಡರು ಅನ್ನಲು ಮನಸ್ಸು ಬರುವುದಿಲ್ಲ. ನಮ್ಮ ಪವನ್ ಕುಮಾರ್ ‘ಲೂಸಿಯಾ’ಕ್ಕೆ ಜನರ ಮುಂದೆ ಕೈ ಚಾಚಿದಾಗ 110 ಮಂದಿ ಸುಮಾರು 50 ಲಕ್ಷ ಕೊಟ್ಟರು. ಒಂದು ತಿಂಗಳೂ ಹಿಡಿಯಲಿಲ್ಲ. ತೋರಿಸಲು ಸಿನಿಮಾ ಇರಲಿಲ್ಲ. ಇದ್ದದ್ದು ನಿರ್ಮಾಪಕರು ಸಿಗದವನ ಸಿಟ್ಟು, ಒಂದು ಕನಸು. ನಾನು ಅದರಲ್ಲಿ ದುಡ್ಡು ಹಾಕಿರಲಿಲ್ಲ. 2013ರಲ್ಲಿ ಸಿನಿಮಾ ಬಂದಮೇಲೆ ಹಾಕಬೇಕಿತ್ತು ಅಂತ ಹೇಳಿಕೊಂಡು ತಿರುಗಿದೆ.

ಆ ಹೊಟ್ಟೆಯುರಿಯಲ್ಲೇ ಆಮೇಲೆ ಇನ್ನೆಲ್ಲೋ ಒಂದು ಓದುವ ದೀಪಕ್ಕೆ ದುಡ್ಡು ಹಾಕಿದೆ. ವಿಡಿಯೊದಲ್ಲಿ ಅಜ್ಜಿಯೊಬ್ಬರು ಮೊಮ್ಮಗನಿಗೆ ಕಥೆ ಓದುತ್ತಿದ್ದರು. ‘ಬರೋದು ಯಾವಾಗಂತೆ?’ ಅಂತ ಹೆಂಡತಿ ಕೇಳಿದಳು. ಅಜ್ಜಿ ಹಾಕಿದ್ದ ಸ್ವೆಟರಿನ ಬಣ್ಣ ಹೇಳಬಲ್ಲೆ, ತಾರೀಖು ನೋಡಿರಲಿಲ್ಲ.

ದೀಪ ಇನ್ನೂ ಬಂದಿಲ್ಲ. ತಿಂಗಳಿಗೊಂದು ಮೇಲ್ ಬರುತ್ತದೆ: ಅಚ್ಚು ಸರಿಬರಲಿಲ್ಲ, ಬಂದರಿನಲ್ಲಿ ತಡ, ಬ್ಯಾಟರಿ ಬದಲಾಯಿಸುತ್ತಿದ್ದೇವೆ. ಈಗ ಕನ್ನಡಕ ಹಾಕಿಕೊಂಡು ಒಂದಕ್ಷರ ಬಿಡದೆ ಓದುತ್ತೇನೆ.