ಪಕ್ಷ ಗೆದ್ದಿತು, ಯುದ್ಧ ನಿಲ್ಲಲಿಲ್ಲ

2006ರಲ್ಲಿ ನಾನು ಅಮೆರಿಕದ ಹಾರ್ಟ್‌ಫರ್ಡ್ ಪಕ್ಕದ ಒಂದು ಚಿಕ್ಕ ಊರಿನಲ್ಲಿದ್ದೆ. ಹಾರ್ಟ್‌ಫರ್ಡ್ ಕನೆಕ್ಟಿಕಟ್ ರಾಜ್ಯದ ರಾಜಧಾನಿ, ಇನ್ಶೂರೆನ್ಸ್ ಕಂಪನಿಗಳ ಊರು. ಕಾಂಟ್ರ್ಯಾಕ್ಟ್ ಮೇಲೆ ಹೋದ ನಮ್ಮ ಕಡೆಯ ಸಾಫ್ಟ್‌ವೇರ್ ಹುಡುಗರು ಅಲ್ಲಿ ತುಂಬಾ ಜನ. ನಮ್ಮ ಕೆಳಮನೆಯಲ್ಲಿ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಇದ್ದರು. ಸ್ಕೂಲ್ ಬಸ್ ಓಡಿಸುತ್ತಿದ್ದರು. ಒಬ್ಬನೇ ಮಗ, ಮರೀನ್ ಪಡೆಯಲ್ಲಿದ್ದ. ಆ ವರ್ಷ ಇರಾಕಿನ ಅನ್ಬಾರ್‌ನಲ್ಲಿದ್ದ.

ಅವರ ಕಾರಿನ ಹಿಂದೆ ಹಳದಿ ರಿಬ್ಬನ್ ಆಕಾರದ ಒಂದು ಮ್ಯಾಗ್ನೆಟ್ ಇತ್ತು. ಸೈನಿಕರ ಬೆಂಬಲಕ್ಕೆ ಅಂತ ಆಗ ಅರ್ಧ ಊರಿನ ಕಾರುಗಳಲ್ಲಿ ಅದು ಇರುತ್ತಿತ್ತು. ಅದರ ಪಕ್ಕದಲ್ಲೇ ನೆಡ್ ಲ್ಯಾಮಂಟ್ ಸ್ಟಿಕರ್. ಇರಾಕ್ ಯುದ್ಧ ಬೇಡ ಅಂತ ಅಮೆರಿಕ ಸಂಸತ್ತಿನ ಮೇಲ್ಮನೆ ಸೆನೆಟ್‌ನ ಚುನಾವಣೆಗೆ ನಿಂತಿದ್ದವನ ಸ್ಟಿಕರ್ ಅದು. ಇವೆರಡೂ ಒಂದೇ ಕಾರಿನಲ್ಲಿ ಹೇಗೆ ಅಂತ ನನಗೆ ಅರ್ಥವಾಗಿರಲಿಲ್ಲ. ಒಂದು ಸಂಜೆ ಕೇಳಿಯೇಬಿಟ್ಟೆ. ಅವರು ನನ್ನ ಮುಖ ನೋಡಿ, 'ಎರಡೂ ನನ್ನ ಮಗನಿಗಾಗಿಯೇ' ಅಂದರು. ರಾತ್ರಿಯಿಡೀ ಅವರ ಬಾಗಿಲ ಮುಂದಿನ ದೀಪ ಉರಿಯುತ್ತಿತ್ತು. ಮಗ ಬರುವವರೆಗೆ ಆರಿಸೋದಿಲ್ಲ ಅಂತ ಹಟ.

ಆ ಕಾಲದ ಮಾತನ್ನು ಇವತ್ತು ಬರೆಯಬೇಕು ಅನ್ನಿಸಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

2002ರ ಅಕ್ಟೋಬರ್‌ನಲ್ಲಿ ಇರಾಕ್ ಮೇಲೆ ಯುದ್ಧಕ್ಕೆ ಅಧಿಕಾರ ಕೊಡುವ ನಿರ್ಣಯ ಸೆನೆಟ್‌ನಲ್ಲಿ 77-23ರಿಂದ ಪಾಸಾಯಿತು. ಅದು ಅಧ್ಯಕ್ಷ ಬುಷ್ ಅವರ ರಿಪಬ್ಲಿಕನ್ ಪಕ್ಷದವರ ಕೆಲಸ ಮಾತ್ರ ಅಂತ ಈಗ ನೆನಪಿಟ್ಟುಕೊಂಡವರೇ ಜಾಸ್ತಿ. ವಿರೋಧ ಪಕ್ಷವಾದ ಡೆಮಾಕ್ರಾಟರ 50 ಸೆನೆಟರ್‌ಗಳಲ್ಲಿ 29 ಜನ ಹೌದು ಅಂದಿದ್ದರು. ಹಿಲರಿ ಕ್ಲಿಂಟನ್, ಜಾನ್ ಕೆರಿ, ಜೋ ಬೈಡನ್ ಎಲ್ಲರೂ ಅದರಲ್ಲಿದ್ದರು. ದೊಡ್ಡ ಪತ್ರಿಕೆಗಳೂ ಸದ್ದಾಂ ಹತ್ತಿರ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಅನ್ನೋ ಸರ್ಕಾರದ ಕಥೆಯನ್ನು ಹಾಗೇ ಅಚ್ಚು ಹಾಕಿದವು. ನಮ್ಮ ವರದಿಗಾರಿಕೆ ಸಾಲದಾಗಿತ್ತು ಅಂತ ನ್ಯೂಯಾರ್ಕ್ ಟೈಮ್ಸ್ ಒಪ್ಪಿಕೊಂಡಿದ್ದು 2004ರ ಮೇನಲ್ಲಿ. ಅಷ್ಟರಲ್ಲಿ ಯುದ್ಧಕ್ಕೆ ಒಂದು ವರ್ಷ ದಾಟಿತ್ತು.

ಆ ದಿನಗಳಲ್ಲಿ ಯುದ್ಧ ಬೇಡ ಅನ್ನುವವರ ಮಾತು ಟಿವಿಯಲ್ಲಿ ಬರುತ್ತಿದ್ದುದು ಅಪರೂಪ. ಅವರಿಗೆ ಜಾಗ ಸಿಕ್ಕಿದ್ದು ಬ್ಲಾಗ್‌ಗಳಲ್ಲಿ. 2002ರಲ್ಲಿ ಡೈಲಿ ಕೋಸ್ ಅನ್ನೋ ಬ್ಲಾಗ್ ಶುರು ಮಾಡಿದ ಮಾರ್ಕೋಸ್ ಮೊಲಿಟ್ಸಾಸ್ ಸುಮ್ನೆ ಮನೆಯಲ್ಲಿ ಕೂತು ಬೈಯುವ ಮನುಷ್ಯ ಆಗಿರಲಿಲ್ಲ. ಬಾಲ್ಯದ ಕೆಲವು ವರ್ಷ ಎಲ್ ಸಾಲ್ವಡಾರ್‌ನಲ್ಲಿ ಕಳೆದವನು, ಅಂತರ್ಯುದ್ಧದ ನೆರಳು ಕಂಡವನು, ಆಮೇಲೆ ಅಮೆರಿಕದ ಸೇನೆಯಲ್ಲೂ ಇದ್ದವನು. ಸಾವಿರಾರು ಜನ ಅಲ್ಲಿ ಬರೆಯುತ್ತಿದ್ದರು. ರಾತ್ರಿ ಊಟ ಆದಮೇಲೆ ನಾನು ಓದಲು ಕೂತರೆ ಹನ್ನೆರಡಾದರೂ ಏಳುತ್ತಿರಲಿಲ್ಲ. ನನಗೆ ಅಲ್ಲಿ ಓಟಿಲ್ಲ, ವೀಸಾ ಮೇಲೆ ಇದ್ದವನು. ಆದರೂ ಆ ಜನ ನನ್ನವರು ಅನ್ನಿಸುತ್ತಿತ್ತು.

ಇನ್ನೊಂದು ಕಡೆಯಿಂದಲೂ ಒಬ್ಬಳು ಬರೆಯುತ್ತಿದ್ದಳು. ಬಾಗ್ದಾದಿನ ಹುಡುಗಿ, ರಿವರ್‌ಬೆಂಡ್ ಅನ್ನೋ ಹೆಸರಿನಲ್ಲಿ. 2003ರ ಆಗಸ್ಟ್‌ನಲ್ಲಿ ಶುರು ಮಾಡಿದಾಗ ಅವಳಿಗೆ 24 ವರ್ಷ. ನನ್ನ ಹಾಗೇ ಕಂಪ್ಯೂಟರ್ ಪ್ರೋಗ್ರಾಮರ್. ಯುದ್ಧದ ನಂತರ ಕೆಲಸಕ್ಕೆ ಅಂತ ಹಳೇ ಆಫೀಸಿಗೆ ಹೋದರೆ, ಹೆಂಗಸರ ರಕ್ಷಣೆಯ ಹೊಣೆ ನಮ್ಮ ಕೈಲಾಗುವುದಿಲ್ಲ, ಮನೆಗೆ ಹೋಗು ಅಂದುಬಿಟ್ಟರು. ಗಂಡಸರಷ್ಟೇ ಸಂಬಳ ತೆಗೆದುಕೊಳ್ಳುತ್ತಿದ್ದವಳು, ಒಂದು ಯುದ್ಧ ಮುಗಿಯೋದರಲ್ಲಿ ಮನೆಯೊಳಗೆ. ಕರೆಂಟು ಎಷ್ಟು ಹೊತ್ತು ಇತ್ತು, ನೀರು ಬಂತಾ, ಬೀದಿಯಲ್ಲಿ ಯಾರು ಕಾಣೆಯಾದರು, ಇದನ್ನೇ ಬರೆಯುತ್ತಿದ್ದಳು. 2007ರಲ್ಲಿ ಮನೆಮಂದಿಯೆಲ್ಲ ಊರು ಬಿಟ್ಟು ಸಿರಿಯಾಕ್ಕೆ ಹೋದರು. ಅವಳ ಬರಹ ಓದಿದ ರಾತ್ರಿ ನನಗೆ ಯಾವ ಪಕ್ಷವೂ ನೆನಪಾಗುತ್ತಿರಲಿಲ್ಲ. ಅದೇ ಸರಿ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಮತ್ತೆ ಕನೆಕ್ಟಿಕಟ್‌ಗೆ ಬರುತ್ತೇನೆ. ಅಲ್ಲಿನ ಸೆನೆಟರ್ ಜೋ ಲೀಬರ್‌ಮನ್. ಡೆಮಾಕ್ರಾಟ್ ಆಗಿದ್ದೂ ಇರಾಕ್ ಯುದ್ಧಕ್ಕೆ ಗಟ್ಟಿ ಬೆಂಬಲ ಕೊಟ್ಟವರು. 2005ರಲ್ಲಿ ಸಂಸತ್ತಿನಲ್ಲಿ ಭಾಷಣ ಮುಗಿಸಿದ ಬುಷ್, ಲೀಬರ್‌ಮನ್ ಕೆನ್ನೆಗೆ ಮುತ್ತು ಕೊಟ್ಟ ಹಾಗೆ ಒಂದು ದೃಶ್ಯ ಟಿವಿಯಲ್ಲಿ ಬಂದಿತ್ತು. ಅದನ್ನೇ ಹಿಡಿದುಕೊಂಡು ಯಾರೋ ಕಾಗದದಲ್ಲಿ ಇಬ್ಬರದೂ ಭಾರೀ ಬೊಂಬೆ ಮಾಡಿ, ಗಾಡಿಯಲ್ಲಿ ಏರಿಸಿ, ನಮ್ಮ ಗಣೇಶನ ಮೆರವಣಿಗೆ ಹಾಗೆ ರಾಜ್ಯ ಸುತ್ತಿಸಿದರು. ಲೀಬರ್‌ಮನ್ ವಿರುದ್ಧ ಅದೇ ಪಕ್ಷದೊಳಗಿಂದ ನಿಂತ ಲ್ಯಾಮಂಟ್ ಕೇಬಲ್ ಟಿವಿ ವ್ಯಾಪಾರದ ಶ್ರೀಮಂತ. ರಾಜಕೀಯದಲ್ಲಿ ಹೆಸರಿದ್ದವನಲ್ಲ. ಅವನ ಹಿಂದೆ ದೇಶದ ಮೂಲೆಮೂಲೆಯ ಬ್ಲಾಗ್ ಬರಹಗಾರರು ನಿಂತರು.

ಟಿಕೆಟ್ ಯಾರಿಗೆ ಅಂತ ಅಲ್ಲಿ ಪಕ್ಷದ ಸಾಮಾನ್ಯ ಮತದಾರರೇ ಓಟು ಹಾಕಿ ತೀರ್ಮಾನಿಸುತ್ತಾರೆ. ಆ ಓಟಿನ ಹಿಂದಿನ ದಿನ ಲೀಬರ್‌ಮನ್ ಅವರ ವೆಬ್‌ಸೈಟ್ ಬಿದ್ದುಹೋಯಿತು. ಎದುರಾಳಿ ಕಡೆಯವರು ಹ್ಯಾಕ್ ಮಾಡಿದರು ಅಂತ ದೊಡ್ಡ ಗಲಾಟೆ. ನಾನು ಸರ್ವರ್ ನೋಡಿಕೊಳ್ಳುವ ಕೆಲಸದವನು, ನನಗೆ ಅವತ್ತೇ ಅನುಮಾನವಿತ್ತು. ಎಫ್‌ಬಿಐ ತನಿಖೆಯಲ್ಲಿ ಏನು ಸಿಕ್ಕಿತ್ತು ಅನ್ನೋದು 2008ರಲ್ಲಿ ಹೊರಬಂತು. ಯಾವ ದಾಳಿಯೂ ಆಗಿರಲಿಲ್ಲ. ಸರ್ವರ್ ಸರಿಯಾಗಿ ಸೆಟಪ್ ಆಗಿರಲಿಲ್ಲ, ಲೋಡ್ ತಡೆಯಲಿಲ್ಲ, ಅಷ್ಟೇ. ಆ ಸುದ್ದಿ ಎಷ್ಟು ಜನ ಓದಿದರೋ. ಹ್ಯಾಕ್ ಆಯಿತು ಅನ್ನೋದು ಮಾತ್ರ ಎಲ್ಲರ ತಲೆಯಲ್ಲೂ ಉಳಿದಿತ್ತು.

ಆಗಸ್ಟ್ 8ರ ರಾತ್ರಿ ಲ್ಯಾಮಂಟ್ 52-48ರಲ್ಲಿ ಗೆದ್ದ. ಕೆಳಮನೆಯವರು ಬಾಗಿಲು ತಟ್ಟಿ, ಕೈಯಲ್ಲಿ ಕೇಕ್ ಹಿಡಿದು ನಿಂತಿದ್ದರು. ನನ್ನ ಹೆಂಡತಿ ಅವರಿಗೆ ರವೆ ಉಂಡೆ ಕೊಟ್ಟಳು. ಆದರೆ ಲೀಬರ್‌ಮನ್ ಬಿಡಲಿಲ್ಲ. ತಮ್ಮದೇ ಒಂದು ಪಕ್ಷದ ಹೆಸರಿನಲ್ಲಿ ನಿಂತು ನವೆಂಬರ್‌ನಲ್ಲಿ ಗೆದ್ದರು. ಇಡೀ ದೇಶದಲ್ಲಿ ಮಾತ್ರ ಗಾಳಿ ಬೇರೆ ಕಡೆ ಬೀಸಿತ್ತು. ಸಂಸತ್ತಿನ ಎರಡೂ ಸದನ ಡೆಮಾಕ್ರಾಟರ ಕೈಗೆ ಬಂದವು. ಯುದ್ಧ ನಿಲ್ಲುತ್ತದೆ ಅಂತ ನಾವೆಲ್ಲ ನಂಬಿದೆವು.

ನಿಲ್ಲಲಿಲ್ಲ. 2007ರ ಜನವರಿಯಲ್ಲಿ ಬುಷ್ ಇನ್ನಷ್ಟು ಸೈನಿಕರನ್ನು ಕಳಿಸಿದರು. ವಾಪಸಾತಿಗೆ ದಿನಾಂಕ ಹಾಕಿದ ಮಸೂದೆಯನ್ನು ಮೇ 1ರಂದು ವೀಟೋ ಮಾಡಿದರು. ಅದೇ ತಿಂಗಳು ಅದೇ ಸಂಸತ್ತು ದಿನಾಂಕ ತೆಗೆದುಹಾಕಿ ದುಡ್ಡು ಮಂಜೂರು ಮಾಡಿತು. ಸೆನೆಟ್‌ನಲ್ಲಿ 80-14. ಇರಾಕಿನಲ್ಲಿ ಅಮೆರಿಕದ ಸೈನಿಕರು ಅತಿ ಹೆಚ್ಚು ಸತ್ತ ವರ್ಷ ಅದೇ 2007, ಸುಮಾರು 900 ಜನ. ಇರಾಕಿನ ಜನ ಎಷ್ಟು ಸತ್ತರು ಅನ್ನೋದಕ್ಕೆ ನೂರು ಲೆಕ್ಕ. ಕಡಿಮೆ ಅನ್ನುವ ಲೆಕ್ಕದಲ್ಲೂ ಲಕ್ಷ ದಾಟುತ್ತದೆ.

ಸಿಂಡಿ ಶೀಹನ್ ಅವರನ್ನು ಇಲ್ಲಿ ನೆನೆಯಲೇಬೇಕು. ಅವರ ಮಗ ಕೇಸಿ 2004ರ ಏಪ್ರಿಲ್ 4ರಂದು ಬಾಗ್ದಾದಿನ ಸದರ್ ಸಿಟಿಯಲ್ಲಿ ಸತ್ತ. 24 ವರ್ಷ. ಮರುವರ್ಷ ಆಗಸ್ಟ್‌ನಲ್ಲಿ ಬುಷ್ ಟೆಕ್ಸಾಸ್‌ನ ಕ್ರಾಫರ್ಡ್‌ನಲ್ಲಿ ರಜೆಯಲ್ಲಿದ್ದಾಗ ಈ ತಾಯಿ ಹೋಗಿ ರಸ್ತೆ ಬದಿಯಲ್ಲಿ ಕೂತರು. ನನ್ನ ಮಗ ಯಾವ ಘನಕಾರ್ಯಕ್ಕೆ ಸತ್ತ ಅಂತ ಅಧ್ಯಕ್ಷರೇ ನನಗೆ ಹೇಳಲಿ, ಇಷ್ಟೇ ಅವರ ಬೇಡಿಕೆ. ಬ್ಲಾಗ್‌ಗಳು ಅವರನ್ನು ತಲೆಮೇಲೆ ಹೊತ್ತು ಮೆರೆಸಿದವು. 2007ರ ಮೇನಲ್ಲಿ ಡೆಮಾಕ್ರಾಟರು ದುಡ್ಡು ಮಂಜೂರು ಮಾಡಿದಾಗ ಅದೇ ತಾಯಿ ಅದೇ ಪ್ರಶ್ನೆಯನ್ನು ಅವರಿಗೂ ಕೇಳಿದರು. ಆಗ ಏನಾಯಿತು? ನಿನ್ನೆಯವರೆಗೆ ಅಮ್ಮ ಅಂದವರೇ ಬೈಯಲು ಶುರು ಮಾಡಿದರು. ಬುಷ್‌ರನ್ನು ಬೈಯುವವರೆಗೆ ನಾನು ಬೇಕಾಗಿದ್ದೆ, ಇವರನ್ನು ಕೇಳಿದ ತಕ್ಷಣ ಬೇಡವಾದೆ ಅನ್ನೋ ಅರ್ಥದಲ್ಲಿ ಬರೆದು ಅವರು ಪಕ್ಷ ಬಿಟ್ಟರು. ಆಮೇಲೆ ಡೆಮಾಕ್ರಾಟರ ಸ್ಪೀಕರ್ ನ್ಯಾನ್ಸಿ ಪೆಲೋಸಿ ವಿರುದ್ಧ ಪಕ್ಷೇತರರಾಗಿ ನಿಲ್ಲಲು ಹೊರಟಾಗ ಡೈಲಿ ಕೋಸ್‌ನಲ್ಲಿ ಅದರ ಪ್ರಚಾರಕ್ಕೆ ಜಾಗ ಇರಲಿಲ್ಲ. ಇದು ಡೆಮಾಕ್ರಾಟರನ್ನು ಗೆಲ್ಲಿಸಲು ಇರುವ ಜಾಗ ಅನ್ನೋದು ಅವರ ನಿಯಮ. ನಿಯಮವನ್ನು ಅವರು ಮುಚ್ಚಿಟ್ಟಿರಲಿಲ್ಲ. ನಾನೇ ಅದನ್ನು ಸರಿಯಾಗಿ ಓದಿಕೊಂಡಿರಲಿಲ್ಲ. ಯುದ್ಧ ನಿಲ್ಲಿಸೋದೇ ಮೊದಲ ಕೆಲಸ ಅಂದುಕೊಂಡಿದ್ದೆ. ಅವರಿಗೆ ಪಕ್ಷ ಮೊದಲು, ಯುದ್ಧ ಆಮೇಲೆ.

2008ರಲ್ಲಿ ಒಬಾಮ ಗೆದ್ದರು. ಇರಾಕ್ ಯುದ್ಧವನ್ನು 2002ರಲ್ಲೇ ವಿರೋಧಿಸಿದ್ದ ಮನುಷ್ಯ. ನಾನು ಅವತ್ತು ರಾತ್ರಿ ಅತ್ತೆ. ಅದರಲ್ಲಿ ನಾಚಿಕೆ ಇಲ್ಲ. 2009ರ ಡಿಸೆಂಬರ್ 1ರಂದು ಅವರು ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳಿಸುವುದಾಗಿ ಘೋಷಿಸಿದರು. ಒಂಬತ್ತು ದಿನ ಬಿಟ್ಟು ನೊಬೆಲ್ ಶಾಂತಿ ಪ್ರಶಸ್ತಿ ತೆಗೆದುಕೊಂಡರು. ಮುಂದಿನ ವರ್ಷ ಅಲ್ಲಿ ಅಮೆರಿಕದ ಸೈನಿಕರು ಸುಮಾರು ಒಂದು ಲಕ್ಷ. ಅಫ್ಘಾನಿಸ್ತಾನದಲ್ಲಿ ಇಪ್ಪತ್ತು ವರ್ಷದಲ್ಲಿ ಸತ್ತ ಸುಮಾರು 2,400 ಅಮೆರಿಕನ್ ಸೈನಿಕರಲ್ಲಿ ಮುಕ್ಕಾಲು ಪಾಲು ಜನ ಸತ್ತಿದ್ದು 2009ರಿಂದ ಈಚೆಗೆ.

ಬೀದಿಗಳು ಖಾಲಿ. ಮೈಕೆಲ್ ಹೀನಿ, ಫಾಬಿಯೊ ರೋಹಾಸ್ ಅನ್ನೋ ಇಬ್ಬರು ಸಂಶೋಧಕರು ಆ ವರ್ಷಗಳಲ್ಲಿ ಯುದ್ಧವಿರೋಧಿ ಮೆರವಣಿಗೆಗಳಿಗೆ ಹೋಗಿ, ಬಂದವರನ್ನೇ ಕೇಳಿ ಪಟ್ಟಿ ಮಾಡಿದರು. ಒಬಾಮ ಬಂದಮೇಲೆ ಡೆಮಾಕ್ರಾಟರು ಮೆರವಣಿಗೆಗೆ ಬರುವುದೇ ನಿಂತುಹೋಗುತ್ತಾ ಬಂತು ಅಂತ ಅವರ ಲೆಕ್ಕ ತೋರಿಸಿತು. ಯುದ್ಧ ಅಲ್ಲೇ ಇತ್ತು. ಬದಲಾಗಿದ್ದು ಅದನ್ನು ನಡೆಸುವವರು.

ಎಲ್ಲರೂ ಹಾಗೆ ಮಾಡಲಿಲ್ಲ. ಆಂಟಿವಾರ್ ಡಾಟ್ ಕಾಮ್ ನಡೆಸುವವರು 1990ರ ದಶಕದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಬಾಂಬು ಹಾಕಿಸಿದಾಗಲೂ ಬೇಡ ಅಂದರು, ಬುಷ್‌ಗೂ ಬೇಡ ಅಂದರು, ಒಬಾಮಗೂ ಅಂದರು. ಅವರ ಆರ್ಥಿಕ ವಿಚಾರಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಈ ವಿಷಯದಲ್ಲಿ ಕೈ ಮುಗಿಯುತ್ತೇನೆ. ಡೈಲಿ ಕೋಸ್‌ನಲ್ಲೂ ಕೆಲವರು ಸತ್ತ ಸೈನಿಕರ ಹೆಸರು, ಊರು, ಮನೆಯವರ ಮಾತು ಹಾಕುವ ಒಂದು ಸರಣಿಯನ್ನು ಒಬಾಮ ಕಾಲದಲ್ಲೂ ಬಿಡದೆ ನಡೆಸಿದರು.

2010ರಲ್ಲಿ ನಾನು ಅದನ್ನು ತೆರೆಯಲು ಹೆದರುತ್ತಿದ್ದೆ. ಯಾಕೆಂದರೆ ಕೆಳಮನೆಯವರ ಮಗನನ್ನು ಮತ್ತೆ ಕಳಿಸಿದ್ದರು. ಈ ಸಲ ಅಫ್ಘಾನಿಸ್ತಾನದ ಹೆಲ್ಮಂಡ್. ಅದೇ ತಾಯಿ, ಅದೇ ಬಾಗಿಲು, ಅದೇ ದೀಪ. ಕಾರಿನ ಸ್ಟಿಕರ್ ಮಾಸಿ ಬೆಳ್ಳಗಾಗಿತ್ತು. ಒಂದು ದಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕರು. ನೀನು ದಿನಾ ಓದುತ್ತಿದ್ದೆಯಲ್ಲ, ಆ ಜನ ಈಗ ಏನು ಬರೆಯುತ್ತಾರೆ ಅಂತ ಕೇಳಿದರು. ಆರೋಗ್ಯ ವಿಮೆ ಮಸೂದೆ ಬಗ್ಗೆ ಬರೆಯುತ್ತಾರೆ ಅಂದೆ. ನಿಜ ಅದೇ ಆಗಿತ್ತು. ಅವರು ಸುಮ್ಮನೆ ಬಟ್ಟೆ ಮಡಚಿದರು. 2006ರಲ್ಲಿ ಊರಿನ ಗೆಳೆಯರಿಗೆಲ್ಲ ಉದ್ದುದ್ದ ಇಮೇಲ್ ಬರೆದು ಯುದ್ಧವನ್ನು ಖಂಡಿಸುತ್ತಿದ್ದ ನಾನೂ ಆ ವರ್ಷ ಒಂದು ಸಾಲು ಬರೆದಿರಲಿಲ್ಲ. ಪಾಪ ಒಬಾಮಗೆ ಸಮಯ ಕೊಡೋಣ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅದು ತಪ್ಪು. ಇವತ್ತಿಗೂ ಚುಚ್ಚುತ್ತದೆ.

ನಮ್ಮ ದೇಶದ್ದೂ ಒಂದು ಮಾತು ಇದೆ. 2003ರಲ್ಲಿ ಅಮೆರಿಕ ಇರಾಕಿಗೆ ಒಂದು ಡಿವಿಷನ್ ಸೇನೆ ಕಳಿಸಿ ಅಂತ ಭಾರತವನ್ನು ಒತ್ತಾಯಿಸಿತ್ತು. ಸುಮಾರು 17,000 ಜನ. ಅದಕ್ಕೆ ಮೊದಲು ಏಪ್ರಿಲ್‌ನಲ್ಲಿ ಲೋಕಸಭೆ ಎಲ್ಲ ಪಕ್ಷ ಸೇರಿ ಯುದ್ಧದ ವಿರುದ್ಧ ನಿರ್ಣಯ ಮಾಡಿತ್ತು. ಹಿಂದಿಯಲ್ಲಿ 'ನಿಂದಾ' ಅನ್ನೋ ಪದ ಬಳಸಿದ್ದರು. ಅದು ಖಂಡನೆಯೋ ವಿಷಾದವೋ ಅಂತ ಇಂಗ್ಲಿಷಿಗೆ ತರುವಾಗ ಚರ್ಚೆಯಾಯಿತು. ಪದ ಏನೇ ಇರಲಿ, ಜುಲೈ 14ರಂದು ವಾಜಪೇಯಿ ಸರ್ಕಾರ ಸೇನೆ ಕಳಿಸೋದಿಲ್ಲ ಅಂತ ತೀರ್ಮಾನಿಸಿತು. ಬಿಜೆಪಿ ಸರ್ಕಾರ, ಎದುರಿಗೆ ಕಾಂಗ್ರೆಸ್, ಎಡಪಕ್ಷಗಳು. ಈ ಒಂದು ವಿಷಯದಲ್ಲಿ ಯಾರೂ ಯಾರ ಬಾವುಟವನ್ನೂ ನೋಡಲಿಲ್ಲ. ಕೊಡಗಿನ, ಬೆಳಗಾವಿಯ ಎಷ್ಟು ಮನೆಗಳ ಹುಡುಗರು ಆ ಮರಳಿಗೆ ಹೋಗುವುದು ತಪ್ಪಿತೋ ಅಂತ ನಾನು ಆಗಾಗ ಯೋಚಿಸುತ್ತೇನೆ.

ಈಗ ಇದನ್ನೆಲ್ಲ ಯಾಕೆ ಬರೆದೆ ಅಂದರೆ, ನನ್ನ ಇದೇ ಸೋಷಿಯಲ್ ಮೀಡಿಯಾ ಗೋಡೆಯಲ್ಲಿ ಗೆಳೆಯರು ದೂರದ ಯುದ್ಧಗಳ ಬಗ್ಗೆ ಬರೆಯುವುದನ್ನು ನೋಡುತ್ತಿದ್ದೇನೆ. ಉಕ್ರೇನ್ ಇರಲಿ, ಗಾಜಾ ಇರಲಿ, ಮೊದಲ ಸಾಲಿನಲ್ಲೇ ಬರೆದವರ ಪಕ್ಷ ಗೊತ್ತಾಗಿಬಿಡುತ್ತದೆ. 2022ರ ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ದಿನಸಿ ತರಲು ಹೊರಗೆ ಹೋಗಿ ಶೆಲ್ ದಾಳಿಗೆ ಸಿಕ್ಕಿ ಸತ್ತ. ಹೆಣ ಊರಿಗೆ ಬರಲು 20 ದಿನ ಹಿಡಿಯಿತು. ಆ 20 ದಿನ ನನ್ನ ಫೋನಿನಲ್ಲಿ ಓದಿದ ಬರಹಗಳಲ್ಲಿ ಹೆಚ್ಚಿನವು ನಮ್ಮ ಸರ್ಕಾರದ ಪರವೋ ವಿರೋಧವೋ ಅನ್ನೋದೇ. ಶೆಲ್ ಹಾಕಿದವರ ಬಗ್ಗೆ ಎರಡು ಸಾಲು ಹುಡುಕಬೇಕಾಯಿತು.

ಪಕ್ಷದ ಪರ ಬರೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಲ್ಯಾಮಂಟ್‌ಗೆ ಓಟು ಕೇಳಿದವರು ಪಕ್ಷದವರೇ, ಅವರು ಇಲ್ಲದಿದ್ದರೆ ಆ ಯುದ್ಧ ಬೇಡ ಅನ್ನೋ ಮಾತು ಸೆನೆಟ್‌ನ ಬಾಗಿಲಿಗೂ ಹೋಗುತ್ತಿರಲಿಲ್ಲ. ಆದರೆ ನಿಮ್ಮವರು ಕುರ್ಚಿಯಲ್ಲಿ ಕೂತ ದಿನವೂ ಅದೇ ಸಾವನ್ನು ಅದೇ ದನಿಯಲ್ಲಿ ಕೇಳಿ. ದನಿ ಇಳಿಯಿತು ಅನ್ನಿಸಿದರೆ ಒಂದು ಕ್ಷಣ ನಿಂತು ಯಾಕೆ ಅಂತ ನೋಡಿಕೊಳ್ಳಿ. ನಾನು ನೋಡಿಕೊಳ್ಳಲಿಲ್ಲ.

ಕೆಳಮನೆಯವರ ಮಗ 2010ರ ಕೊನೆಗೆ ಜೀವಂತ ವಾಪಸ್ ಬಂದ. ನಾವು 2012ರಲ್ಲಿ ಮೈಸೂರಿಗೆ ಬಂದೆವು. 2021ರ ಆಗಸ್ಟ್ 26ರಂದು ಕಾಬೂಲ್ ವಿಮಾನ ನಿಲ್ದಾಣದ ಗೇಟಿನಲ್ಲಿ ಬಾಂಬು ಸಿಡಿದು 13 ಅಮೆರಿಕನ್ ಸೈನಿಕರು, 150ಕ್ಕೂ ಹೆಚ್ಚು ಅಫ್ಘಾನರು ಸತ್ತರು. ಆ 13ರಲ್ಲಿ 11 ಜನ ಮರೀನ್‌ಗಳು. ಮಾರನೇ ದಿನ ಅವರಿಗೆ ಫೋನ್ ಮಾಡಿದೆ. ಮಗ ಬೆಳಿಗ್ಗೆ ಟಿವಿ ಆರಿಸಿದವನು ಯಾರ ಹತ್ತಿರವೂ ಮಾತಾಡಿಲ್ಲ ಅಂದರು. ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದಾನೆ, ಕತ್ತರಿಸಿದ ಕಡೆಯೇ ಮತ್ತೆ ಮಷಿನ್ ಓಡಿಸುತ್ತಿದ್ದಾನೆ, ಕಿಟಕಿಯಿಂದ ನೋಡುತ್ತಾ ನಿಂತಿದ್ದೇನೆ ಅಂದರು. ಫೋನಿನಲ್ಲಿ ಆ ಮಷಿನ್ ಸದ್ದು ನನಗೂ ಕೇಳಿಸುತ್ತಿತ್ತು.